ಬೆಳ್ಳಂದೂರು ಕೆರೆಯ ಕಳೆ, ಮೂರು ತಂತ್ರಾಂಶ: ಒಂದು ಹೋಲಿಕೆ

ಬೆಳ್ಳಂದೂರು ಕೆರೆಯ ಮೇಲೆ ಹಬ್ಬುವ ಅಂತರಗಂಗೆ ಕಳೆ 2021ರ ಡಿಸೆಂಬರ್‌ನಿಂದ 2023ರ ಡಿಸೆಂಬರ್‌ಗೆ ಎಷ್ಟು ಬದಲಾಗಿದೆ ಎಂದು ತಿಳಿಯಲು, ಸೆಂಟಿನೆಲ್-2 ಉಪಗ್ರಹದ ಚಿತ್ರಗಳ ಮೇಲೆ ಒಂದೇ ಲೆಕ್ಕವನ್ನು ಕ್ಯೂಜಿಐಎಸ್, ಆರ್ಕ್‌ಜಿಐಎಸ್ ಪ್ರೊ ಮತ್ತು ಗೂಗಲ್ ಅರ್ಥ್ ಎಂಜಿನ್ ಎಂಬ ಮೂರು ನಕ್ಷೆ ತಂತ್ರಾಂಶಗಳಲ್ಲೂ ಮಾಡಿ ನೋಡಿದೆ. ಲೆಕ್ಕ ಎನ್‌ಡಿವಿಐ ಎಂಬ ಹಸಿರಿನ ಸೂಚ್ಯಂಕದ್ದು: ಉಪಗ್ರಹ ಬೆಳಕಿನ ಬೇರೆ ಬೇರೆ ಪಟ್ಟಿಗಳನ್ನು (ಬ್ಯಾಂಡ್) ಬೇರೆಬೇರೆಯಾಗಿ ಅಳೆಯುತ್ತದೆ; ಅವಕೆಂಪು ಬೆಳಕಿನ ಎಂಟನೆಯ ಬ್ಯಾಂಡ್‌ನಿಂದ ಕೆಂಪಿನ ನಾಲ್ಕನೆಯ ಬ್ಯಾಂಡ್ ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸುವುದು. ತಿಳಿನೀರಿಗೆ ಬರುವ ಬೆಲೆ (ಲೆಕ್ಕದ ಉತ್ತರ) ಸೊನ್ನೆಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ಇರುತ್ತದೆ. ದಟ್ಟ ಕಳೆಯದು ಬಹಳ ಮೇಲೆ.

ಈ ಚಿತ್ರದ ಒಂದು ಹಾಳೆಯಲ್ಲಿ ಉದ್ದಗಲ ತಲಾ 10,980, ಅಂದರೆ ಸುಮಾರು 12 ಕೋಟಿ ಪಿಕ್ಸೆಲ್‌ಗಳಿವೆ. ಸುಮಾರು 900 ಎಕರೆಯ ಕೆರೆಗೆ, 10 ಮೀಟರ್ ಪಿಕ್ಸೆಲ್‌ನ ಲೆಕ್ಕದಲ್ಲಿ, ಬೇಕಾದದ್ದು ಅಂದಾಜು 36 ಸಾವಿರ. ಇಡೀ ಹಾಳೆಗೆ ಲೆಕ್ಕ ಮಾಡಿ ಕಡತವಾಗಿ ಬರೆದರೆ ಪ್ರತಿ ಸಲವೂ 48 ಕೋಟಿ ಬೈಟ್ ಡಿಸ್ಕಿನಲ್ಲಿ ಕೂರುತ್ತದೆ. ಹೀಗಾಗಿಯೇ ತೆರೆಯ ಮೇಲೆ ಕಾಣುವಷ್ಟು ಭಾಗಕ್ಕೆ ಮಾತ್ರ, ನೋಡುವ ಹೊತ್ತಿಗೇ ಲೆಕ್ಕ ಮಾಡುವ ವಿಧಾನದತ್ತ ನನ್ನ ಒಲವು.

ಕ್ಯೂಜಿಐಎಸ್‌ನ ರಾಸ್ಟರ್ (ಪಿಕ್ಸೆಲ್ ಚಿತ್ರ) ಕ್ಯಾಲ್ಕುಲೇಟರ್‌ನಲ್ಲಿ 3.22ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಒಂದು ಗುರುತು ಹಾಕಿದರೆ ಕಡತ ಬರೆಯದೆ ನಕ್ಷೆಯ ಪದರ ಮೂಡುತ್ತದೆ. ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಆದರೆ ಮೂಲ ಚಿತ್ರದ ಫೋಲ್ಡರ್ ಬದಲಿಸಿದರೆ ಪದರ ಖಾಲಿಯಾಗುತ್ತದೆ. ನಾನು ಬದಲಿಸಿದ್ದೆ.

ಆರ್ಕ್‌ಜಿಐಎಸ್ ಪ್ರೊಗೆ ಪರವಾನಗಿ ಬೇಕು, ಕೆಲಸ ಮಾತ್ರ ಸೊಗಸು. ಕತ್ತರಿಸುವುದು, ಎನ್‌ಡಿವಿಐ, ವರ್ಗೀಕರಣ, ಬಣ್ಣ ಎಂದು ರಾಸ್ಟರ್ ಫಂಕ್ಷನ್‌ಗಳನ್ನು ಒಂದರ ಹಿಂದೊಂದು ಪೋಣಿಸಿ, ಕಳೆ ಎಂದು ಪರಿಗಣಿಸುವ ಮಿತಿಯನ್ನು 0.3ರಿಂದ 0.4ಕ್ಕೆ ಏರಿಸಿದ ಕೂಡಲೇ ನಕ್ಷೆ ಬದಲಾಗುವುದನ್ನು ನೋಡುತ್ತ ಕೂರಬಹುದು. ಒಂದು ಎಚ್ಚರಿಕೆ: ಅದರ ಎನ್‌ಡಿವಿಐ ಫಂಕ್ಷನ್‌ನಲ್ಲಿ ವೈಜ್ಞಾನಿಕ ಉತ್ತರದ ಆಯ್ಕೆಯನ್ನು ಗುರುತಿಸದಿದ್ದರೆ ಬೆಲೆ -1ರಿಂದ 1ರವರೆಗಲ್ಲ, 0ಯಿಂದ 200ರವರೆಗೆ ಬರುತ್ತದೆ. ಇದನ್ನು ಗಮನಿಸದೆ 0.4ರ ಮಿತಿ ಹಾಕಿದಾಗ ಕೆರೆ, ದಡ, ರಿಂಗ್ ರಸ್ತೆ ಎಲ್ಲವೂ ನನ್ನ ತೆರೆಯಲ್ಲಿ ಕಳೆಯಾದವು.

ಅರ್ಥ್ ಎಂಜಿನ್‌ನಲ್ಲಿ ಲೆಕ್ಕ ನಡೆಯುವುದು ಗೂಗಲ್‌ನ ಸರ್ವರ್‌ಗಳಲ್ಲೇ, ಚಿತ್ರ ಇಳಿಸಿಕೊಳ್ಳುವ ಗೋಜಿಲ್ಲ; ಲಾಭದ ಉದ್ದೇಶವಿಲ್ಲದ ಬಳಕೆಗೆ ಹಣವೂ ಬೇಡ. ಕೋಡ್ ಬರೆಯಬೇಕು, ಇಂಟರ್ನೆಟ್ ನಿಂತರೆ ಕೆಲಸವೂ ನಿಲ್ಲುತ್ತದೆ. ನನಗೆ ಅದು ದೊಡ್ಡ ತಪ್ಪೊಂದನ್ನು ತೋರಿಸಿಕೊಟ್ಟಿತು. 2022ರ ಜನವರಿ 25ರಿಂದ ಹೊಸ ಸಂಸ್ಕರಣೆಯಲ್ಲಿ ಬರುತ್ತಿರುವ ಸೆಂಟಿನೆಲ್-2 ಚಿತ್ರಗಳಲ್ಲಿ ಬ್ಯಾಂಡ್‌ಗಳ ಪ್ರತಿ ಬೆಲೆಗೂ 1,000 ಸೇರಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯುವಾಗ ಅದು ಹೊರಟುಹೋದರೂ, ಭಾಗಿಸುವಾಗ ಛೇದ ದೊಡ್ಡದಾಗುವುದರಿಂದ ಎನ್‌ಡಿವಿಐ ತಗ್ಗುತ್ತದೆ. ಮೊದಲ ಎರಡು ತಂತ್ರಾಂಶಗಳಿಗೆ ನಾನು ಇಳಿಸಿಕೊಂಡಿದ್ದ 2021ರ ಚಿತ್ರ ಹಳೆಯ ಸಂಸ್ಕರಣೆಯದು, 2023ರದು ಹೊಸದು. 1,000 ಕಳೆಯದೆ ಹೋಲಿಸಿ, ಕಳೆ ಕಡಿಮೆಯಾಗಿದೆ ಎಂದು ಹಿಗ್ಗಿದ್ದೆ. ಅರ್ಥ್ ಎಂಜಿನ್‌ನ ಹಾರ್ಮೊನೈಸ್ಡ್ ಸಂಗ್ರಹದಲ್ಲಿ ಈ ವ್ಯತ್ಯಾಸವನ್ನು ಮೊದಲೇ ಸರಿಪಡಿಸಿರುತ್ತಾರೆ. ಅಲ್ಲಿಯ ಉತ್ತರಕ್ಕೂ ನನ್ನದಕ್ಕೂ ತಾಳೆಯಾಗದಿದ್ದಾಗಲೇ ಅನುಮಾನ ಹುಟ್ಟಿದ್ದು.

ಮೂರಕ್ಕೂ ಸಮಾನವಾದ ತೊಡಕೊಂದಿದೆ: ನೋಡುವ ಹೊತ್ತಿಗೇ ಮಾಡುವ ಲೆಕ್ಕ ನಡೆಯುವುದು ತೆರೆಯ ಸ್ಪಷ್ಟತೆಯಲ್ಲಿ, ಮೂಲ ಚಿತ್ರದ ಸ್ಪಷ್ಟತೆಯಲ್ಲಲ್ಲ. ಅರ್ಥ್ ಎಂಜಿನ್‌ನಲ್ಲಿ ದಡದ ಕಿರಿದಾದ ಕಳೆಪಟ್ಟಿಯ ಮೇಲೆ ಹತ್ತಿರದಿಂದ ಕ್ಲಿಕ್ ಮಾಡಿದಾಗ 0.6ರಷ್ಟು ಬಂದ ಬೆಲೆ, ಇಡೀ ನಗರ ಕಾಣುವಷ್ಟು ಹಿಂದೆ ಸರಿದು ಅದೇ ಜಾಗವನ್ನು ಕ್ಲಿಕ್ ಮಾಡಿದಾಗ ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಲಿ ಕಳೆಯೂ ನೀರೂ ಸರಾಸರಿಯಾಗಿ ಒಂದೇ ಪಿಕ್ಸೆಲ್ ಆಗಿದ್ದವು. ಆದ್ದರಿಂದ ಮಿತಿ ಹುಡುಕುವುದನ್ನು ಆರ್ಕ್‌ಜಿಐಎಸ್‌ನಲ್ಲಿ, ಅದಿಲ್ಲದ ಕಡೆ ಕ್ಯೂಜಿಐಎಸ್‌ನಲ್ಲಿ ಮಾಡುತ್ತೇನೆ. ಎಕರೆಯ ಅಂಕಿಯನ್ನು ಮಾತ್ರ ಅರ್ಥ್ ಎಂಜಿನ್‌ನಲ್ಲಿ, ಅಳತೆ 10 ಮೀಟರ್ ಎಂದು ಕೋಡ್‌ನಲ್ಲೇ ಬರೆದು ತೆಗೆಯುತ್ತೇನೆ.