ಹಳೆಯ ಕಂಪ್ಯೂಟರಿಗೆ ಎಕ್ಸ್‌ಎಫ್‌ಸಿಇಯೋ, ಪ್ಲಾಸ್ಮಾವೋ?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಲಗ್ನಪತ್ರಿಕೆ ಸಿದ್ಧಪಡಿಸುವ ಡಿಟಿಪಿ ಅಂಗಡಿಯವರು ತಮ್ಮ 4 ಜಿಬಿ ರ್‍ಯಾಮ್‌ನ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಸಲು ಹೊರಟರೆ, ಡೆಸ್ಕ್‌ಟಾಪಿನ ಇಂದಿನ ಅಂದಕ್ಕಿಂತ ಅದು ಮುಂದೆ ಹಿಡಿಯಲಿರುವ ದಾರಿಯನ್ನು ನೋಡುವುದು ಒಳಿತು.

ಎಕ್ಸ್‌ಎಫ್‌ಸಿಇ ಮತ್ತು ಕೆಡಿಇ ತಂಡದ ಪ್ಲಾಸ್ಮಾ ಲಿನಕ್ಸಿನ ಎರಡು ಡೆಸ್ಕ್‌ಟಾಪುಗಳು. ಎರಡೂ, ತೆರೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ಎಕ್ಸ್11 ವ್ಯವಸ್ಥೆಯಿಂದ ಅದರ ಹೊಸ ಬದಲಿಯಾದ ವೇಲ್ಯಾಂಡ್ ಕಡೆಗೆ ಸಾಗುತ್ತಿವೆ. ನಡಿಗೆಯ ವೇಗ ಮಾತ್ರ ಬೇರೆ. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6 ವೇಲ್ಯಾಂಡನ್ನೇ ಮೊದಲ ಆಯ್ಕೆಯಾಗಿಸಿತು. 6.8ನೇ ಆವೃತ್ತಿಯಿಂದ ಎಕ್ಸ್11 ಸೆಷನ್ನನ್ನು ಕೈಬಿಡುವುದಾಗಿ ಕೆಡಿಇ ತಂಡವು 2025ರಲ್ಲಿ ಪ್ರಕಟಿಸಿದೆ. ಆದರೂ ಎಕ್ಸ್11ಗಾಗಿ ಬರೆದ ಹಳೆಯ ತಂತ್ರಾಂಶಗಳು ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯ ಮೂಲಕ ನಡೆಯುತ್ತವೆ. ಎಕ್ಸ್‌ಎಫ್‌ಸಿಇ ಅವಸರದ್ದಲ್ಲ. 2022ರ 4.18ರ ನಂತರ 4.20 ಬಂದದ್ದು 2024ರ ಡಿಸೆಂಬರಿನಲ್ಲಿ, ಅದರಲ್ಲಿಯೂ ವೇಲ್ಯಾಂಡ್ ಬೆಂಬಲ ಪ್ರಾಯೋಗಿಕ. ಕಿಟಕಿಗಳನ್ನು ನಿರ್ವಹಿಸುವ ಅದರ ಸ್ವಂತ ವಿಂಡೋ ಮ್ಯಾನೇಜರ್ ವೇಲ್ಯಾಂಡಿನಲ್ಲಿ ಓಡದ ಕಾರಣ, ಆ ಕೆಲಸಕ್ಕೆ ಲ್ಯಾಬ್‌ಡಬ್ಲ್ಯುಸಿ ಅಥವಾ ವೇಫೈರ್ ಎಂಬ ಬೇರೆ ತಂತ್ರಾಂಶವನ್ನು ಎರವಲು ಪಡೆಯಬೇಕು.

ಕನ್ನಡ ಟೈಪಿಂಗಿನಲ್ಲೂ ವ್ಯತ್ಯಾಸವುಂಟು: ಪ್ಲಾಸ್ಮಾದ ವೇಲ್ಯಾಂಡಿನಲ್ಲಿ ಟೈಪಿಂಗಿಗೆ ನೆರವಾಗುವ ಎಫ್‌ಸಿಐಟಿಎಕ್ಸ್ 5 (Fcitx 5) ತಂತ್ರಾಂಶ ಬಳಸಲು ಸೆಟ್ಟಿಂಗ್ಸ್‌ನ ‘ವರ್ಚುವಲ್ ಕೀಬೋರ್ಡ್’ ಎಂಬ, ದಾರಿತಪ್ಪಿಸುವ ಹೆಸರಿನ ವಿಭಾಗದಲ್ಲಿ ಅದನ್ನು ಆರಿಸಬೇಕು. ಎಕ್ಸ್11ರ ಹಳೆಯ ಸಿದ್ಧತೆಗಳು ಎಕ್ಸ್‌ಎಫ್‌ಸಿಇಯಲ್ಲಿ ಹಾಗೆಯೇ ಮುಂದುವರಿಯುತ್ತವೆ.

ಹೀಗಾಗಿ ಹಳೆಯ ಕಂಪ್ಯೂಟರುಗಳಿಗೆ ನನ್ನ ಆಯ್ಕೆ ಎಕ್ಸ್‌ಎಫ್‌ಸಿಇ. ಬೇರೆ ಬೇರೆ ರೆಸಲ್ಯೂಷನ್ನಿನ ಎರಡು ಮಾನಿಟರುಗಳನ್ನು ಜೋಡಿಸುವ ಹೊಸ ಕಂಪ್ಯೂಟರಿಗೆ ಪ್ಲಾಸ್ಮಾ.