ಕಲಬುರಗಿಯಲ್ಲಿ ಮನೆ ಕಟ್ಟಿಸುವವರೇ, ಛತ್ತಿನ ಬಿಸಿಲನ್ನು ಪಿಒಪಿ ತಡೆಯುವುದಿಲ್ಲ

ಕಲಬುರಗಿಯ ಹೊಸ ಮನೆಯೊಂದರ ಸ್ಥಿತಿ ಇದು. ಐದು ಇಂಚಿನ ಸ್ಲ್ಯಾಬ್, ಪಶ್ಚಿಮಕ್ಕೆ ನಾಲ್ಕು ಇಂಚಿನ ಕಾಂಕ್ರೀಟ್ ಬ್ಲಾಕ್ ಗೋಡೆ, ಮಹಡಿಯಲ್ಲಿ ಮಲಗುವ ಕೋಣೆ. ಮೊದಲ ಏಪ್ರಿಲ್‌ನಲ್ಲೇ ಅಲ್ಲಿ ಮಲಗಲು ಆಗಲಿಲ್ಲ. ರಾತ್ರಿ ಹತ್ತಕ್ಕೂ ಛತ್ತಿಗೆ ಅಂಗೈ ಇಟ್ಟರೆ, ಒಲೆಯಿಂದ ಇಳಿಸಿಟ್ಟ ರೊಟ್ಟಿ ಹಂಚಿನ ಕಾವು. ಫ್ಯಾನು ಅದೇ ಝಳವನ್ನು ಹಾಸಿಗೆಗೆ ತಳ್ಳುತ್ತಿತ್ತು.

ಗುತ್ತೇದಾರರು ಮೊದಲು ಛತ್ತಿನ ಕೆಳಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್ ಮಾಡಿಸಿದರು, ಆಮೇಲೆ ಒಂದೂವರೆ ಟನ್ ಎಸಿ. ಕರೆಂಟ್ ಬಿಲ್ಲು ಏರಿತು, ಎಸಿ ಆರಿಸಿದ ಸ್ವಲ್ಪ ಹೊತ್ತಿಗೇ ಮತ್ತೆ ಸೆಕೆ. ಸ್ಲ್ಯಾಬ್ ದಿನವಿಡೀ ಬಿಸಿಲು ಕುಡಿದು, ಸಂಜೆಯಿಂದ ಅದನ್ನು ಒಳಗೆ ಬಿಡುತ್ತದೆ. ಕೆಳಗೆ ಸೀಲಿಂಗ್ ಹೊಡೆದರೆ ಕಾವು ನಿಧಾನವಾಗಿ ಇಳಿದೀತು, ಸ್ಲ್ಯಾಬ್ ಕಾಯುವುದು ಮಾತ್ರ ತಪ್ಪದು. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಸ್ಲ್ಯಾಬ್, ಗೋಡೆಯ ನೆತ್ತಿಯಲ್ಲಿ ಅಡ್ಡ ಬಿರುಕು ಬಿಡಿಸುತ್ತದೆ. ಈ ಮನೆಯಲ್ಲೂ ಅದೇ ಆಯಿತು, ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಇಳಿಯಿತು. ಸೀಲಿಂಗ್ ಮುಚ್ಚಿದ್ದರಿಂದ ಬಿರುಕು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಡೆ ಇರಬೇಕಾದ್ದು ಸ್ಲ್ಯಾಬಿನ ಮೇಲೆ. ಮೊದಲು ವಾಟರ್‌ಪ್ರೂಫಿಂಗ್, ಎರಡು ದಿನ ನೀರು ಕಟ್ಟಿ ಪರೀಕ್ಷೆ. ಅದರ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ (ಕಾವು ತಡೆಯುವ ಗಟ್ಟಿ ಫೋಮ್) ಹಾಳೆಗಳನ್ನು ಸಂದು ಬಿಡದೆ ಜೋಡಿಸಿ, ಪ್ಲಾಸ್ಟಿಕ್ ಹಾಸಿ, ಜಾಲರಿ ಇಟ್ಟು 50 ಮಿ.ಮೀ. ಕಾಂಕ್ರೀಟ್, 100 ಅಡಿಗೆ ಒಂದು ಅಡಿಯಾದರೂ ಇಳಿಜಾರು. ಕೊನೆಗೆ ಬಿಳಿ ಚೀನಾ ಮೊಸಾಯಿಕ್, ಅಂದರೆ ಒಡೆದ ಟೈಲ್ಸ್ ಚೂರುಗಳ ಹೊದಿಕೆ. ಶಹಾಬಾದ್ ಫರ್ಸಿ ನಮ್ಮ ಹೆಮ್ಮೆಯೇ ಸರಿ, ಆದರೆ ಅದು ನೆಲಕ್ಕಿರಲಿ. ಛತ್ತಿನ ಮೇಲೆ ಆ ಬೂದು ಕಲ್ಲು ಬಿಸಿಲನ್ನು ಹೀರುತ್ತದೆ. ಇಷ್ಟೆಲ್ಲ ಸೇರಿ ಐದಾರು ಇಂಚು ಏರುತ್ತದೆ. ಆದ್ದರಿಂದ ಪ್ಯಾರಪೆಟ್, ಮೆಟ್ಟಿಲ ಬಾಗಿಲ ಹೊಸ್ತಿಲು, ಮಳೆನೀರಿನ ಪೈಪಿನ ಬಾಯಿ ಮೂರನ್ನೂ ನಕ್ಷೆಯಲ್ಲೇ ಎತ್ತರಿಸಿ. ಕಟ್ಟಿದ ಮೇಲೆ ನೆನಪಾದರೆ ಹೊಸ್ತಿಲು ಮುಳುಗುತ್ತದೆ.

ಅಷ್ಟು ಹಣವಿಲ್ಲದಿದ್ದರೆ ಗುಡಿಸಿ, ನೀರು ಚಿಮುಕಿಸಿದ ಛತ್ತಿಗೆ ಸಂಜೆ ಹೊತ್ತು ಸುಣ್ಣ ಎರಡು ಮೂರು ಕೈ ಹೊಡೆಯಿರಿ. ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಮಾರ್ಚ್‌ನಲ್ಲಿ ಮತ್ತೆ ಹೊಡೆಯಬೇಕು. ಧೂಳು ಕೂತ ಬಿಳುಪಿನಿಂದ ಪ್ರಯೋಜನವಿಲ್ಲ.

ಪಶ್ಚಿಮದ ಕಿಟಕಿಗೆ ಅದರ ಮೇಲೆ ಚಾಚಿದ ಛಜ್ಜಾ ಸಾಲದು. ಮೇ ತಿಂಗಳ ಸಂಜೆ ನಾಲ್ಕಕ್ಕೆ ಎರಡಡಿ ಛಜ್ಜಾ ಕೊಡುವ ನೆರಳು ಸುಮಾರು ಒಂದೂವರೆ ಅಡಿ, ಐದಕ್ಕೆ ಒಂದಡಿಯೂ ಇಲ್ಲ. ಒಳಗಿನ ಪರದೆಗೆ ಬಿಸಿಲು ಮುಟ್ಟುವ ಹೊತ್ತಿಗೆ ಕಾವು ಗಾಜು ದಾಟಿ ಆಗಿರುತ್ತದೆ. ಹೊರಗೆ ಬಿದಿರಿನ ಚಾಪೆ ಪರದೆ ಅಥವಾ ತೂತುಗಳಿರುವ ಜಾಲಿ ಗೋಡೆ ಇರಲಿ. ಆ ಮಗ್ಗುಲಿಗೆ ಮೆಟ್ಟಿಲು, ಬಚ್ಚಲು, ಸ್ಟೋರು ಬರಲಿ, ಮಲಗುವ ಕೋಣೆ ಬೇಡ.

ಏಪ್ರಿಲ್, ಮೇ ತಿಂಗಳ ಒಣ ಧಗೆಗೆ ಕೂಲರ್ ಚೆನ್ನಾಗಿ ನಡೆಯುತ್ತದೆ, ಎದುರಿನ ಕಿಟಕಿ ತೆರೆದಿದ್ದರೆ ಮಾತ್ರ. ಸ್ಲೈಡಿಂಗ್ ಕಿಟಕಿ ಅರ್ಧವೇ ತೆರೆಯುತ್ತದೆ. ಕೂಲರ್ ಎದುರಿಗೆ ಬಾಗಿಲಿನಂತೆ ಪೂರ್ತಿ ತೆರೆಯುವ ರೆಕ್ಕೆಯ ಕಿಟಕಿಯನ್ನೇ ಇಡಲು ಹೇಳಿ.