ಎರಡು ಕೊಂಬಿನ ರಿಸೀವರ್: ಮಾತಿಗೆ ಸೈ, ಹಾಡಿಗೆ ಬೇಡ

ವೈರ್‌ಲೆಸ್ ಮೈಕ್ ರಿಸೀವರ್ ಮೇಲೆ 'ಡೈವರ್ಸಿಟಿ' (ಒಂದು ಆಂಟೆನಾ ಕೈಕೊಟ್ಟರೆ ಇನ್ನೊಂದು ಹಿಡಿಯುವ ಏರ್ಪಾಡು) ಅಂತ ಬರೆದಿದ್ದರೆ ಸಾಕು, ಜನ ಕಣ್ಣುಮುಚ್ಚಿ ಕೊಳ್ಳುತ್ತಾರೆ. ಎರಡು ಆಂಟೆನಾ ಇದೆ, ಇನ್ನೇನು ಬೇಕು ಅಂತ. ಆದರೆ ಆ ಆಂಟೆನಾಗಳ ಹಿಂದೆ, ಪೆಟ್ಟಿಗೆಯೊಳಗೆ ಏನಿದೆ ಅನ್ನೋದು ಮುಖ್ಯ. ದುಬಾರಿ ಸೆಟ್‌ಗಳಲ್ಲಿ ಒಂದೊಂದು ಆಂಟೆನಾಗೂ ಒಂದೊಂದು ರಿಸೀವರ್ ಸರ್ಕ್ಯೂಟ್ ಇರುತ್ತದೆ. ಎರಡನ್ನೂ ಸದಾ ಹೋಲಿಸಿ, ಚೆನ್ನಾಗಿರೋದನ್ನು ಹೊರಗೆ ಬಿಡುತ್ತವೆ. ನಾನು ಬಳಸುತ್ತಿರುವುದು ಹಾಗಲ್ಲ. ಎರಡು ಆಂಟೆನಾ, ನಡುವೆ ಒಂದು ಎಲೆಕ್ಟ್ರಾನಿಕ್ ಸ್ವಿಚ್, ಹಿಂದೆ ಒಂದೇ ರಿಸೀವರ್. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸ್ವಿಚ್ ಇನ್ನೊಂದು ಆಂಟೆನಾಗೆ ಹೊರಳುತ್ತದೆ. ಅಷ್ಟೇ ಇದರ ಬುದ್ಧಿ. ಬ್ರ್ಯಾಂಡ್ ಹೆಸರು ಬೇಡ ಬಿಡಿ, ಈ ಜಾತಿಯ ಪೆಟ್ಟಿಗೆಗಳ ಒಳಗೆ ಹೆಚ್ಚುಕಡಿಮೆ ಇದೇ ಕಥೆ.

ನಾನು ಭಾಷಣ, ನಾಟಕಗಳಿಗೆ ಸೌಂಡ್ ನೋಡಿಕೊಳ್ಳುವವನು. ಮಾತಾಡುವವರು ವೇದಿಕೆ ಮೇಲೆ ಅತ್ತಿತ್ತ ಓಡಾಡಿದರೂ ಧ್ವನಿ ಕಟ್ ಆಗಬಾರದು, ನನ್ನ ಬೇಡಿಕೆ ಅದೊಂದೇ. ಕಟ್ ಆಗೋದು ದೂರದಿಂದ ಅಲ್ಲ. ಹತ್ತೇ ಹೆಜ್ಜೆ ದೂರದಲ್ಲಿ ನಿಂತವರ ಧ್ವನಿಯೂ ಮಾಯವಾಗುತ್ತದೆ. ನೇರವಾಗಿ ಬಂದ ಅಲೆ, ಗೋಡೆಗೆ ತಾಗಿ ಬಂದದ್ದು, ಕಬ್ಬಿಣದ ತೊಲೆಗೆ ಬಡಿದು ಬಂದದ್ದು, ಎಲ್ಲ ಆಂಟೆನಾ ಹತ್ತಿರ ಸೇರುತ್ತವೆ. ಕೆಲವು ಜಾಗದಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. 600 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ 50 ಸೆಂಟಿಮೀಟರ್. ಹಾಗಾಗಿ ಸಿಗ್ನಲ್ ಸಾಯುವ ಇಂಥ ಜಾಗಗಳು ಸುಮಾರು 25 ಸೆಂಟಿಮೀಟರ್‌ಗೊಂದು ಸಿಗಬಹುದು. ಅಂದರೆ ಒಂದು ಹೆಜ್ಜೆ ಒಳಗೇ.

ಖಾಲಿ ಹಾಲ್‌ನಲ್ಲಿ ಎ, ಬಿ ಅನ್ನೋ ಎರಡು ಆಂಟೆನಾಗಳಲ್ಲಿ ಬಿ ಬಿಚ್ಚಿಟ್ಟು, ಮೈಕ್ ಹಿಡಿದು ನಿಧಾನ ನಡೆದೆ. ಬಲಗಡೆಯ ಕಂಬದ ಹತ್ತಿರ 'ಖರ್ರ್' ಅಂತ ಸದ್ದು, ಆಮೇಲೆ ಮೌನ. ಒಂದು ಗೇಣು ಸರಿದೆ, ಮತ್ತೆ ಸ್ವಚ್ಛ. ವಾಪಸ್ ಅದೇ ಜಾಗಕ್ಕೆ ಬಂದರೆ ಅದೇ 'ಖರ್ರ್'. ಬಿ ಆಂಟೆನಾ ಹಾಕಿ ಅಲ್ಲೇ ಹೋಗಿ ನಿಂತೆ. ಮುಂದಿನ ಪ್ಯಾನೆಲ್‌ನಲ್ಲಿ ಎ ದೀಪ ಆರಿ ಬಿ ಹತ್ತಿತು, ಮಾತು ನಿಲ್ಲಲಿಲ್ಲ. ಇಷ್ಟು ಸರಳ ಉಪಾಯಕ್ಕೆ ಇದು ನಿಜಕ್ಕೂ ದೊಡ್ಡ ಲಾಭ.

ಲೆಕ್ಕದ ಪ್ರಕಾರವೂ ಹಾಗೇ. ನೇರ ದಾರಿಯೇ ಇಲ್ಲದೆ ಬರೀ ಚದುರಿದ ಅಲೆಗಳು ಬರುವಾಗ, ಒಂದೇ ಆಂಟೆನಾದಲ್ಲಿ ಸಿಗ್ನಲ್ ಸರಾಸರಿಗಿಂತ 20 ಡೆಸಿಬಲ್ (ಶಕ್ತಿಯಲ್ಲಿ ನೂರರಲ್ಲೊಂದು ಪಾಲಿಗೆ) ಕೆಳಗಿಳಿಯುವ ಸಂಭವ 100ಕ್ಕೆ 1. ಸಿಗ್ನಲ್ ಏರಿಳಿತದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಂಟೆನಾ ಒಟ್ಟಿಗೇ ಅಷ್ಟು ಇಳಿಯುವುದು 10,000ಕ್ಕೆ 1. ಈ ಪೆಟ್ಟಿಗೆಗೆ ಅಷ್ಟೂ ಲಾಭ ದಕ್ಕೋದಿಲ್ಲ. ಯಾಕಂದ್ರೆ ಆಚೆ ಆಂಟೆನಾದಲ್ಲಿ ಏನಿದೆ ಅಂತ ಅದಕ್ಕೆ ಮೊದಲೇ ಗೊತ್ತಿರೋದಿಲ್ಲ. ಕತ್ತಲಲ್ಲಿ ಹಾರಿ ನೋಡುತ್ತದೆ. ಎರಡೂ ಕೆಟ್ಟಿದ್ದರೆ ದೀಪಗಳು ಎ, ಬಿ, ಎ, ಬಿ ಅಂತ ಮಿಣುಕುತ್ತವೆ, ಸ್ಪೀಕರ್‌ನಲ್ಲಿ ಗರಗರ.

ಈಗ ದೂರು. ಒಂದು ಆಂಟೆನಾದಿಂದ ಇನ್ನೊಂದಕ್ಕೆ ಹಾರಿದಾಗ ಅಲೆಯ ಫೇಸ್ (ಏರಿಳಿತದಲ್ಲಿ ಅದು ಇರುವ ಹಂತ) ಒಮ್ಮೆಲೇ ಬದಲಾಗುತ್ತದೆ. ಇದು ಎಫ್‌ಎಂ ಸೆಟ್, ಧ್ವನಿಯನ್ನು ಅಲೆಯ ಆವರ್ತನ ಏರಿಳಿಸಿ ಕಳಿಸುವಂಥದ್ದು, ಆದ್ದರಿಂದ ಅದು 'ಟಕ್' ಅಂತ ಕೇಳುತ್ತದೆ. ಮಾತಿನ ನಡುವೆ ಯಾರಿಗೂ ಗೊತ್ತಾಗಲ್ಲ. ಹಾಡುವವರು ಎಳೆದು ಮೆಲ್ಲಗೆ ನಿಲ್ಲಿಸಿದ ಸ್ವರದಲ್ಲಿ ಗೊತ್ತಾಗುತ್ತದೆ, ಅದೂ ಹೆಡ್‌ಫೋನ್ ಹಾಕಿದ್ದರೆ ಕಿವಿಗೆ ಚುಚ್ಚುತ್ತದೆ. ಸ್ವಿಚ್ ಯಾವ ಮಟ್ಟದಲ್ಲಿ ಹೊರಳಬೇಕು ಅಂತ ಹೊಂದಿಸೋಕೆ ಹಿಂದುಗಡೆ ಒಂದು ಪುಟ್ಟ ತಿರುಪು ಇದೆ. ಕಂಪನಿ ಅದನ್ನು ಜಾಸ್ತಿ ಇಟ್ಟಿತ್ತು, ಸುಮ್ನೆ ಸುಮ್ನೆ ಹಾರುತ್ತಿತ್ತು. ಸ್ವಲ್ಪ ಇಳಿಸಿದ ಮೇಲೆ ಟಕ್‌ಟಕ್ ಕಮ್ಮಿಯಾಯಿತು. ತುಂಬಾ ಇಳಿಸಿದರೆ ಹಾರುವ ಮೊದಲೇ ಕರಕರ ಕೇಳಿಸುತ್ತದೆ. ಕೈಪಿಡಿಯಲ್ಲಿ ಈ ತಿರುಪಿನ ಬಗ್ಗೆ ಒಂದೇ ಸಾಲು. ನಾಚಿಕೆಗೇಡು. (2.4 ಗಿಗಾಹರ್ಟ್ಜ್‌ನ ಡಿಜಿಟಲ್ ಸೆಟ್‌ಗಳಲ್ಲಿ ಪ್ಯಾಕೆಟ್, ಅಂದರೆ ಧ್ವನಿಯ ಒಂದೊಂದು ತುಣುಕು, ಶುರುವಾಗುವ ಹೊತ್ತಲ್ಲೇ ಆಂಟೆನಾ ಆರಿಸುವ ಅನುಕೂಲ ಇದೆ, ಅಲ್ಲಿ ಈ ಟಕ್ ಕಾಟ ಇರಲ್ಲ.)

ಡಬ್ಬದ ಮೇಲಿನ ಚಿತ್ರದಲ್ಲಿ ಎರಡೂ ಆಂಟೆನಾ ನೆಟ್ಟಗೆ ನಿಂತಿವೆ. ಹಾಗೆ ಇಡಬೇಡಿ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ. ಮೈಕ್ ಹೇಗೆ ಓರೆಯಾದರೂ ಒಂದಾದರೂ ಹಿಡಿಯುತ್ತದೆ. ನಡುವಿನ ಅಂತರ 20 ಸೆಂಟಿಮೀಟರ್, ಈ ಅಲೆಗೆ ಸಾಕು. ಆದರೆ ಸಾಕೆಟ್ ಹಿಂದೆ ಕೊಟ್ಟಿದ್ದಾರಲ್ಲ, ಅದು ಯಾವ ಪುಣ್ಯಾತ್ಮನ ಐಡಿಯಾನೋ! ರ‍್ಯಾಕ್‌ನಲ್ಲಿ ಕೂರಿಸಿದರೆ ಆಂಟೆನಾಗಳು ಕಬ್ಬಿಣದ ಮರೆಗೆ ಹೋಗುತ್ತವೆ. ಮುಂದಕ್ಕೆ ತರುವ ಕೇಬಲ್ ಜೊತೆಗೆ ಬರಲ್ಲ.

ಇನ್ನೊಂದು ವಿಷಯ. ಸ್ವಿಚ್ ನೋಡೋದು ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಮಾತ್ರ, ಯಾರದ್ದು ಅಂತ ಅಲ್ಲ. ಪಕ್ಕದಲ್ಲಿ ಬೇರೆ ಯಾವುದೋ ಟ್ರಾನ್ಸ್‌ಮಿಟರ್ ಅದೇ ಚಾನೆಲ್‌ನಲ್ಲಿ ಕೂಗುತ್ತಿದ್ದರೆ, ಇದಕ್ಕೆ ಎಲ್ಲ ಸುಸೂತ್ರ. ದೀಪ ಹಾಯಾಗಿ ಉರಿಯುತ್ತಿರುತ್ತದೆ, ಸ್ಪೀಕರ್‌ನಲ್ಲಿ ಮಾತ್ರ ಗದ್ದಲ. ಚಾನೆಲ್ ಬದಲಿಸೋದೊಂದೇ ದಾರಿ.

5ಕ್ಕೆ 3.5 ಕೊಡುತ್ತೇನೆ. ಭಾಷಣ, ಪಾಠ, ನಿರೂಪಣೆಗೆ ಧೈರ್ಯವಾಗಿ ತಗೊಳ್ಳಿ. ಸಂಗೀತಕ್ಕೆ, ರೆಕಾರ್ಡಿಂಗ್‌ಗೆ ಎರಡು ರಿಸೀವರ್ ಇರುವುದನ್ನೇ ಹುಡುಕಿ. ಡಬ್ಬದ ಮೇಲೆ ಯಾವುದು ಅಂತ ಬಿಡಿಸಿ ಹೇಳಿರೋದು ಕಮ್ಮಿ, ಕೊಳ್ಳುವ ಮುಂಚೆ ಬಾಯಿಬಿಟ್ಟು ಕೇಳಿ.